ಮಡಕೆಚೂರು ಮತ್ತು ನಮ್ಮ ಬಿಲ್ಡಿಂಗಿನ ಚೀಟಿ

ಆ ಭಾನುವಾರ ಊಟವಾದ ಮೇಲೆ ಮಗಳು ಕಾಲೇಜಿನ ಇತಿಹಾಸದ ಪಾಠ ಒಪ್ಪಿಸುತ್ತಿದ್ದಳು. ಇಂಗ್ಲಿಷಿನಲ್ಲಿ ಓದಿ ನನಗೆ ಕನ್ನಡದಲ್ಲಿ ಹೇಳುವುದು ಅವಳ ಕ್ರಮ. ಹೇಳುತ್ತಲೇ ಅವಳಿಗೆ ಬಾಯಿಪಾಠವಾಗುತ್ತದೆ. ನಾನು ಎದುರು ಕೂತು ಬಸಳೆ ಬಿಡಿಸುತ್ತಿದ್ದೆ.

ಪಾಠ ಹಳೆಯ ಗ್ರೀಸಿನದು. ಅಲ್ಲಿ ಒಂದೊಂದು ಊರೂ ಒಂದೊಂದು ರಾಜ್ಯವಂತೆ. ಅಥೆನ್ಸಿನಲ್ಲಿ ರಾಜನೇ ಇಲ್ಲ, ಊರವರೇ ಬಯಲಲ್ಲಿ ಸೇರಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದರಂತೆ. ಕೇಳಲು ಚೆನ್ನಾಗಿಯೇ ಇತ್ತು.

"ವರ್ಷಕ್ಕೊಮ್ಮೆ ಒಬ್ಬನನ್ನು ಊರಿಂದ ಹೊರಗೆ ಹಾಕ್ಬಹುದು ಅಮ್ಮಾ. ಒಡೆದ ಮಡಕೆಚೂರಲ್ಲಿ ಅವನ ಹೆಸರು ಗೀಚಿ ಹಾಕೋದು. ಯಾರ ಹೆಸರು ಜಾಸ್ತಿಯೋ ಅವನು ಹತ್ತು ದಿನದಲ್ಲಿ ಹೊರಡ್ಬೇಕು. ಹತ್ತು ವರ್ಷ ವಾಪಸ್ ಬರೋ ಹಾಗಿಲ್ಲ."

"ಅವ ಮಾಡಿದ್ದೆಂತ?"

"ಏನೂ ಮಾಡ್ಬೇಕಂತ ಇಲ್ಲ. ಚಾರ್ಜೇ ಇಲ್ಲ, ಅವನಿಗೆ ಬೋಲ್ನೇಕಾ, ಮಾತಾಡೋ ಚಾನ್ಸ್ ಕೂಡ ಇಲ್ಲ. ಹಡಗಿನ ಯುದ್ಧ ಗೆಲ್ಲಿಸಿಕೊಟ್ಟ ಸೇನಾಪತಿಯನ್ನೇ ಹಾಕಿದ್ರು. ಅವನ ಹೆಸರಿನ ಚೂರುಗಳು ಒಂದು ಬಾವಿಯಲ್ಲಿ ರಾಶಿ ಸಿಕ್ಕಿದೆ. ಅಕ್ಷರ ನೋಡಿದ್ರೆ ಬರೆದದ್ದು ಕೆಲವೇ ಜನ. ಹಂಚ್ಲಿಕ್ಕೆ ಮೊದಲೇ ಬರೆದಿಟ್ಟದ್ದು."

ನನ್ನ ಕೈಯಲ್ಲಿದ್ದ ಬಸಳೆ ಕೆಳಗೆ ಬಿತ್ತು.

ಅದೇ ಬೆಳಿಗ್ಗೆ ನೆಲಮಹಡಿಯ ಮನೆಯಾಕೆ ನಮ್ಮ ಹೌಸಿಂಗ್ ಸೊಸೈಟಿಯ ಮತದ ಚೀಟಿ ಹಿಡಿದು ಬಂದಿದ್ದಳು, ಮನೆಗೊಂದು. 'ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ನರ್ಸ್ ಮನೆ ಖಾಲಿ ಮಾಡಬೇಕು' ಎಂದು ಅದರಲ್ಲಿ ಮೊದಲೇ ಬರೆದಿತ್ತು. ನಾನು ದೇವರಿಗೆ ಆರತಿ ಎತ್ತುತ್ತಿದ್ದೆ. "ಎಲ್ರೂ ಹಾಕಿ ಆಯ್ತು ಮಾರಾಯ್ತಿ, ನಿಮ್ದೊಂದೇ ಬಾಕಿ" ಎಂದಳು. ತಟ್ಟೆಯನ್ನು ಎಡಗೈಗೆ ಬದಲಾಯಿಸಿ, ಸಹಿ ಹಾಕಿ ಕೊಟ್ಟೆ. ಯಾಕೆ ಎಂದು ಕೇಳಲೇ ಇಲ್ಲ. ದೇವರ ಮುಂದೆ ನಿಂತು ಇಂಥದ್ದು ಮಾಡಿದವಳು ನಾನೇ ಎಂದು ನಂಬಲಾಗಲಿಲ್ಲ. ಅತ್ತೆಗೆ ಜ್ವರ ಬಿಡದಿದ್ದಾಗ ಡ್ಯೂಟಿ ಮುಗಿಸಿ, ಒಂಬತ್ತು ದಿನ ನಮ್ಮ ನಾಲ್ಕನೇ ಮಹಡಿ ಹತ್ತಿ ಇಂಜೆಕ್ಷನ್ ಕೊಟ್ಟವಳು ಆ ನರ್ಸ್. ಅತ್ತೆ ಎದ್ದು ಕೂತದ್ದು ದೇವರ ದಯೆ ಎಂದು ನಾನು ದಿನಾ ಕೈಮುಗಿಯುತ್ತೇನೆ.

"ಕ್ಯಾ ಹುವಾ ಅಮ್ಮಾ? ಲೇಡೀಸ್‌ಗೆ ಅಲ್ಲಿ ವೋಟೇ ಇರ್ಲಿಲ್ಲ, ನಿಂಗೆ ಯಾಕೆ ಟೆನ್ಶನ್?" ಎಂದು ಮಗಳು ನಕ್ಕಳು.

ಚೀಟಿಗಳನ್ನು ಹಾಕಿಟ್ಟ ಡಬ್ಬಿ ತೆರೆದು ಎಣಿಸುವುದು ಸಂಜೆ ಆರಕ್ಕೆ. ಐದೂವರೆಗೆ ಸೊಸೈಟಿಯ ಸೆಕ್ರೆಟರಿಯ ಬಾಗಿಲು ತಟ್ಟಿದೆ.

"ನನ್ನ ಚೀಟಿ ವಾಪಸ್ ಕೊಡಿ."

"ಡಬ್ಬಿಗೆ ಬಿದ್ದದ್ದು ಬಿತ್ತು ಭಾಭಿ. ಅಷ್ಟಕ್ಕೂ ನಿಮ್ಮ ಫ್ಲ್ಯಾಟು ಯಜಮಾನರ ಹೆಸರಲ್ಲಿ ಉಂಟಲ್ಲ? ನೀವು ಮೆಂಬರೇ ಅಲ್ಲ. ನಿಮ್ಮ ಚೀಟಿ ಲೆಕ್ಕಕ್ಕೇ ಇಲ್ಲ, ಆರಾಮಾಗಿ ಹೋಗಿ ಚಾ ಕುಡೀರಿ."

ನನಗೆ ಇನ್ನೊಂದು ಆಘಾತ. ಇಷ್ಟು ವರ್ಷ ಈ ಬಿಲ್ಡಿಂಗಿನ ಮೆಟ್ಟಿಲು ಸವೆಸಿದ್ದೇನೆ! ಆದರೆ ಮರುಕ್ಷಣವೇ ಬೇರೆಯದು ಹೊಳೆಯಿತು. ನಮ್ಮ ಬಿಲ್ಡಿಂಗಿನ ಗಂಡಸರು ಹೆಚ್ಚಿನವರೂ ಮಾಟುಂಗದ, ಗೋರೆಗಾಂವ್‌ನ ಹೋಟೆಲುಗಳಲ್ಲಿ ದುಡಿಯುವವರು. ಭಾನುವಾರ ಅಲ್ಲಿ ಉಸಿರಾಡಲು ಪುರಸೊತ್ತಿಲ್ಲ.

"ಹಾಗಾದ್ರೆ ಇವತ್ತು ಚೀಟಿಗೆ ಸಹಿ ಹಾಕಿದವ್ರು ಯಾರು? ಗಂಡಸರು ಕೌಂಟರಲ್ಲಿ ನಿಂತಿದ್ದಾರೆ. ಎಲ್ಲ ಮನೇಲೂ ಹೆಂಗಸರೇ ಅಲ್ವಾ?"

ಅವರು ಕನ್ನಡಕ ತೆಗೆದು ಒರೆಸಿದರು. "ನೀವು ವಕೀಲರಾಗ್ಬೇಕಿತ್ತು" ಎಂದು ಗೊಣಗಿದರು. ಕೊನೆಗೆ ಆ ದಿನ ಡಬ್ಬಿ ತೆರೆಯಲಿಲ್ಲ. ಮುಂದಿನ ಭಾನುವಾರ ಎಲ್ಲರ ಎದುರು ಸಭೆ ಕರೆದು, ನರ್ಸನ್ನೂ ಕೂರಿಸಿ ಕೇಳುವುದೆಂದು ನೋಟೀಸು ಬರೆದರು. ಅಷ್ಟಾದರೂ ಆಯಿತಲ್ಲ ಎಂದು ದೇವರನ್ನು ನೆನೆದೆ.

ಅಲ್ಲಿಂದ ನೇರ ಮೂರನೇ ಮಹಡಿಗೆ ಹೋದೆ. ರಾತ್ರಿಪಾಳಿ ಮುಗಿಸಿ ಮಲಗಿದ್ದ ನರ್ಸ್ ಆಗಷ್ಟೇ ನಿದ್ದೆಯಿಂದ ಎದ್ದಿದ್ದಳು. ಕಲಬುರಗಿ ಕಡೆಯ ಹುಡುಗಿ. "ಅಮ್ಮಾರ, ಬರ್ರಿ ಒಳಗ! ಅತ್ತಿಯವ್ರು ಆರಾಮ ಅದಾರಲ್ರಿ?" ಎಂದಳು. ಅವಳಿಗೆ ಏನೂ ಗೊತ್ತೇ ಇರಲಿಲ್ಲ. ನಾನು ಕುಳಿತುಕೊಳ್ಳದೆ, ನನ್ನ ಸಹಿಯನ್ನೂ ಸೇರಿಸಿ ಎಲ್ಲ ಹೇಳಿದೆ.

ನನಗೆಂದು ಎಳೆದಿದ್ದ ಕುರ್ಚಿಯಲ್ಲಿ ಅವಳೇ ಕುಳಿತಳು. "ನಾ ಏನ್ ಮಾಡೀನ್ರಿ?"

"ಗೊತ್ತಿಲ್ಲ ಮಗಾ. ನಾನು ಕೇಳಿಯೇ ಇಲ್ಲ."