ಬೈರಕೂರಿನ ಓದದ ಗರಿಗಳು

1946, ಆಶ್ವಯುಜ ಶುದ್ಧ ಅಷ್ಟಮಿ, ಮುಳಬಾಗಿಲು. ಬೆಳಗ್ಗೆ ಆರೂವರೆಗೆ ಬರೆಯಲು ಕೂತೆ.

ನಮ್ಮ ಶಾಲೆಯ ಕನ್ನಡ ಪಂಡಿತರ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಹಳೆಯ ಓಲೆಗರಿಗೆ ಎಣ್ಣೆಮಸಿ ಸವರಿ ಒರೆಸಿದರೆ ಕೊರೆದ ಅಕ್ಷರ ಎದ್ದು ಕಾಣುತ್ತದೆ. ಬಟ್ಟೆ ಒರಟು ಎಂದು ಅವರು ಬೆರಳಲ್ಲೇ ಒರೆಸುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಆ ಬೆರಳನ್ನು ದಿಟ್ಟಿಸಿದರೆ, "ತೊಳ್ದೇ ಬಂದಿದ್ದೀನಿ ಕಣಯ್ಯಾ, ಸಾರು ಬಿಡು" ಎನ್ನುತ್ತಿದ್ದರು.

ರಜೆ ಬಂದರೆ ಊರೂರು ತಿರುಗಿ, ಮನೆಗಳಲ್ಲಿದ್ದ ಓಲೆಕಟ್ಟುಗಳ ವಿವರಣೆ ಬರೆಸುವುದು ಅವರ ಹುಚ್ಚು. ಶಾಲೆಗೆ ಹೊಸದಾಗಿ ಬಂದ ಮೇಷ್ಟರಾದ ನಾನು ಬರೆದುಕೊಳ್ಳುವವನು. ಗರಿಯ ಉದ್ದ, ಸಾಲು, ದಾರದ ತೂತು, ಅಂಚಿನ ಬಳ್ಳಿ, ಬಣ್ಣ ಯಾವುದನ್ನೂ ಅವರು ಬಿಡುತ್ತಿರಲಿಲ್ಲ. ಒಮ್ಮೆ ನಾನು "ಸುಂದರವಾದ ನವಿಲು" ಎಂದು ಬರೆದೆ.

"ಸುಂದರ ಅಂದ್ರೆ ಓದೋನಿಗೆ ಏನು ಕಾಣುತ್ತಯ್ಯಾ? ಕತ್ತು ಯಾವ ಕಡೆ ತಿರುಗಿದೆ, ಅದು ಬರಿ" ಎಂದರು.

ಬೈರಕೂರಿನ ಒಂದು ರೈತರ ಮನೆಯಲ್ಲಿ ಚಿತ್ರಗಳಿದ್ದ ಕಟ್ಟು ಸಿಕ್ಕಿತು. ಓದುವವರಿಲ್ಲದ ಗ್ರಂಥವನ್ನು ಇಟ್ಟುಕೊಳ್ಳದೆ ಕೆರೆಗೆ ಬಿಡುವುದು ಆ ಮನೆಯ ಪದ್ಧತಿ. ಸರಸ್ವತಿ ಪೂಜೆಯ ದಿನ ಅದನ್ನು ಓದುತ್ತಿದ್ದ ಯಜಮಾನರು ಕಥೆಯ ನಡುವೆಯೇ ತೀರಿಕೊಂಡಿದ್ದರು. ಪಂಡಿತರು ಆ ಯಜಮಾನರ ಹೆಂಡತಿಯ ಮುಂದೆ ಕೈಮುಗಿದು ನಿಂತರು.

"ಅಮ್ಮಾ, ಅವರು ಬಿಟ್ಟ ಕಡೆಯಿಂದ ನಾನು ಓದಿ ಮುಗಿಸ್ತೀನಿ. ಆಮೇಲೆ ಬಿಡಿ."

"ಸರೇ ಅಯ್ಯೋರೆ. ಆದ್ರೆ ಪೂಜೆ ದಿನಾನೇ ಓದ್ಬೇಕು. ಓದ್ದೇ ಇರೋ ಗರಿ ಬಿಚ್ಚಿ ನೋಡ್ಬಾರ್ದು."

ಅಂದಿನಿಂದ ವರ್ಷಕ್ಕೊಮ್ಮೆ ಹೋಗುತ್ತಿದ್ದೆವು. ಪಂಡಿತರು ಎರಡೇ ಗರಿ ಗಟ್ಟಿಯಾಗಿ ಓದಿ, ಅವುಗಳ ಚಿತ್ರ ವಿವರಿಸಿ, ಕಟ್ಟಿಡುತ್ತಿದ್ದರು. ಬೇಗ ಮುಗಿಸಿಬಿಡೋಣ ಸಾರ್ ಎಂದು ನಾನು ಪೀಡಿಸಿದೆ.

"ಮುಗಿಸಿದ ದಿನ ಇದು ಕೆರೆ ಪಾಲು ಕಣಯ್ಯಾ. ನಿಧಾನ ಮಾಡಿದಷ್ಟು ವರ್ಷ ಉಳಿಯುತ್ತೆ."

ಆ ತಾಯಿಗೂ ಇದು ಗೊತ್ತಾಗಿತ್ತು. "ಏನ್ ಅಯ್ಯೋರೆ, ನಾನ್ ಹೋಗೋಗಂಟ ಓದ್ತಾನೇ ಇರ್ತೀರಾ? ನಾನೂ ಕಥೆ ಪೂರ್ತಿ ಕೇಳ್ಬೇಕು ಕದಾ?" ಎಂದು ನಗುತ್ತಿದ್ದರು.

ಕಳೆದ ವರ್ಷ ಪಂಡಿತರು ಕೊನೆಗೆ ಬರೆಸಿದ್ದು ಇಷ್ಟು: "ಬಲತುದಿಯಲ್ಲಿ ರಾಣಿ, ಬಾಗಿಲಲ್ಲಿ ನಿಂತಿದ್ದಾಳೆ. ಸೀರೆಗೆ ಕೆಂಪು, ಚೌಕಟ್ಟಿಗೆ ಹಳದಿ. ಎಡಗೈಯಲ್ಲಿ ದೀಪ. ಬಲಗೈ ಯಾರ ಕಡೆಗೋ ಚಾಚಿದೆ." ಯಾರ ಕಡೆಗೆ ಎಂಬುದು ಮುಂದಿನ ಗರಿಯಲ್ಲಿತ್ತು. ಒಂದೇ ಸಲ ನೋಡಿಬಿಡೋಣ ಎಂದೆ. ಅವರು ದಾರ ಸುತ್ತಿದರು.

ಈ ಶ್ರಾವಣದಲ್ಲಿ ಅವರಿಗೆ ಜ್ವರ ಬಂತು. ಹಾಸಿಗೆಯಲ್ಲಿ ನನ್ನ ಕೈ ಹಿಡಿದು, "ಈ ಸಲ ನಾಲ್ಕು ಗರಿ ಓದೋಣ. ಆ ರಾಣಿ ನಿಂತೂ ನಿಂತೂ ಸುಸ್ತಾಗಿರ್ತಾಳೆ" ಎಂದರು. ಮಾರನೆಯ ವಾರ ಹೋಗಿಬಿಟ್ಟರು.

ನಿನ್ನೆ ಪೂಜೆಗೆ ನಾನೊಬ್ಬನೇ ಬೈರಕೂರಿಗೆ ಹೋದೆ. ಸುದ್ದಿ ಕೇಳಿ ಆ ತಾಯಿ ಒಳಗೆ ಹೋಗಿ ಕಟ್ಟನ್ನು ತಂದರು. ಅದನ್ನು ನನ್ನ ಮುಂದಿಟ್ಟು, "ನೀನೇ ಓದು ನಾಯ್ನಾ" ಎಂದು ಮಗನನ್ನು ಕರೆಯುವಂತೆ ಹೇಳಿದರು.

ಪದ ಬಿಡಿಸದೆ ಬರೆದ ಆ ಹಳೆಯ ಅಕ್ಷರ ನನಗೆ ಬರುವುದಿಲ್ಲ. ಇಷ್ಟು ವರ್ಷವೂ ಪಂಡಿತರು ಹೇಳಿದ್ದನ್ನು ಬರೆದುಕೊಂಡೆನೇ ಹೊರತು ಓದಲು ಕಲಿಯಲಿಲ್ಲ. ಒಂದು ವರ್ಷ ಕೊಡಿ, ಕಲಿತು ಬರುತ್ತೇನೆ ಎಂದೆ.

"ನಂಗೆ ವರ್ಷ ಎಲ್ಲದೆ ನಾಯ್ನಾ? ನಾನ್ ಹೋದ್ಮೇಲೆ ಮನೇಲಿರೋ ಮಕ್ಳು ಇದನ್ನ ಅಟ್ಟಕ್ಕೆ ಎಸೀತಾರೆ. ನನ್ನ ಕೈಯಾರೆ ಹೋಗ್ಲಿ."

"ಬಿಡೋ ಮುಂಚೆ ಒಂದು ಗರಿ ನೋಡ್ತೀನಮ್ಮಾ."

"ನಿಮ್ಮ ಅಯ್ಯೋರು ನೋಡಿದ್ರಾ?"

ಇಲ್ಲ ಎಂದೆ. ಆಕೆ ಕಟ್ಟಿಗೆ ಅರಿಶಿನ ಹಚ್ಚಿ, ಕಲ್ಲು ಬಿಗಿದು, ಮಗನ ಕೈ ಹಿಡಿದು ಕೆರೆಗಿಳಿದರು. ನಾನು ದಡದಲ್ಲಿ ನಿಂತಿದ್ದೆ.

ಇದನ್ನು ಓದುವವರೇ, ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಯಾರ ಮನೆಯಲ್ಲಾದರೂ ದೀಪ ಹಿಡಿದ ರಾಣಿಯ ಈ ಕಥೆಯ ಗರಿಗಳಿದ್ದರೆ, ಓದಬಲ್ಲ ಹಿರಿಯರೊಬ್ಬರು ಇನ್ನೂ ಇದ್ದರೆ, ನನಗೊಂದು ಕಾಗದ ಬರೆಯಿರಿ. ರಾಣಿ ಕೈಚಾಚಿದ್ದು ಯಾರಿಗೆಂದು ತಿಳಿದರೆ, ಮೊದಲು ಬೈರಕೂರಿಗೆ ಹೋಗಿ ಆ ತಾಯಿಗೆ ಹೇಳಬೇಕು.