ಬೀದಿಯವರ ಮುಖ ಹೊತ್ತ ಮೊಟ್ಟೆಗಳು

ಓಫೆಲಿಯಾ ಸೆರ್ನಾ ಅರವತ್ತು ದಾಟಿದ ಹೆಂಗಸು. ಇಷ್ಟು ವರ್ಷದಲ್ಲಿ ಒಂದೇ ಒಂದು ಮೊಟ್ಟೆಯನ್ನೂ ನಡುವಿಗೆ ಒಡೆದವಳಲ್ಲ. ಸ್ಯಾನ್ ಆಂಟೋನಿಯೋದ ಪಶ್ಚಿಮದ ಕೇರಿಯಲ್ಲಿ ಹುಟ್ಟಿದವರು ಯಾರೂ ಹಾಗೆ ಒಡೆಯುವುದಿಲ್ಲ ಬಿಡಿ. ಚೂಪು ತುದಿಗೆ ಚಾಕುವಿನ ಬೆನ್ನಿನಿಂದ ಟಕ್ಕೆಂದು ಒಂದು ಪೆಟ್ಟು, ಉಗುರಿನಷ್ಟು ತೂತು, ಒಳಗಿನದು ಬಾಣಲೆಗೆ, ತೊಳೆದ ಸಿಪ್ಪೆ ಕಿಟಕಿಯ ಬಿಸಿಲಿಗೆ. ಕ್ರಿಸ್‌ಮಸ್ ಮುಗಿದದ್ದೇ ತಡ, ಈಸ್ಟರ್ ಬರುವವರೆಗೆ ಮನೆಮನೆಯ ಕಿಟಕಿಯಲ್ಲೂ ಖಾಲಿ ಸಿಪ್ಪೆಗಳ ಸಾಲು. ಆಮೇಲೆ ಅವಕ್ಕೆ ಬಣ್ಣ ಹಚ್ಚಿ, ಹೊಟ್ಟೆಯೊಳಗೆ ಬಣ್ಣದ ಕಾಗದದ ಚೂರು ತುಂಬಿ, ಬಾಯಿಗೆ ತೆಳು ಕಾಗದ ಅಂಟಿಸಿದರೆ ಕಾಸ್ಕರೋನ್ ತಯಾರು. ಈಸ್ಟರ್ ದಿನ ಪಾರ್ಕಿನಲ್ಲಿ ಮಾಂಸ ಸುಡುತ್ತಿರುವಾಗ ಹಿಂದಿನಿಂದ ಕಳ್ಳಹೆಜ್ಜೆಯಲ್ಲಿ ಬಂದು, ಬೇಕಾದವರ ತಲೆಯ ಮೇಲೆ ಅದನ್ನು ಪಟ್ಟೆಂದು ಒಡೆಯಬೇಕು. ಒಡೆಸಿಕೊಂಡವರಿಗೆ ವರ್ಷವಿಡೀ ಒಳ್ಳೆಯದಾಗುತ್ತದೆ.

ಓಫೆಲಿಯಾ ಮಾತ್ರ ಎಲ್ಲರ ಹಾಗೆ ಬಣ್ಣದ ನೀರಿಗೆ ಅದ್ದಿ ತೆಗೆದು ಕೈ ತೊಳೆದುಕೊಳ್ಳುವವಳಲ್ಲ. ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸಿ ಬಂದವಳು, ಮಧ್ಯಾಹ್ನ ಕುಂಚ ಹಿಡಿದು ಸಿಪ್ಪೆಯ ಮೇಲೆ ಬರೆಯುತ್ತ ಕೂರುತ್ತಿದ್ದಳು. ಹುಂಜ, ಗುಲಾಬಿ, ರೆಕ್ಕೆ ಬಿಚ್ಚಿದ ದೇವದೂತರು. ಜನ ಅದನ್ನು ಕೈಗೆ ತೆಗೆದುಕೊಂಡು, "ಅಯ್ಯಯ್ಯೋ, ಎಷ್ಟು ಚೆನ್ನಾಗಿದೆ!" ಎನ್ನುತ್ತಿದ್ದರು. ಎಂದವರೇ ಪಕ್ಕದವರ ನೆತ್ತಿಗೆ ಕುಟ್ಟುತ್ತಿದ್ದರು. ಸಂಜೆಗೆ ಹುಂಜವೂ ದೇವದೂತರೂ ಪೊರಕೆಯ ಪಾಲು. ಓಫೆಲಿಯಾ ಎಲ್ಲರೊಂದಿಗೆ ನಗುತ್ತಿದ್ದಳು, ಆದರೆ ಹೊಟ್ಟೆಯಲ್ಲಿ ಒಂದು ಉರಿ ಇದ್ದೇ ಇತ್ತು. ನನ್ನ ಕೈಯಿಂದ ಆದದ್ದು ಒಂದಾದರೂ ಉಳಿಯಬಾರದೇ?

ಆ ಉರಿಗೆ ಗಾಳಿ ಹಾಕುತ್ತಿದ್ದವಳು ಅಕ್ಕ ಟೊಮಾಸಾ. ತಾಯಿ ತೀರಿಕೊಂಡಾಗ ಓಫೆಲಿಯಾ ಇನ್ನೂ ಲಂಗ ಹಾಕುವ ಹುಡುಗಿ. ಟೊಮಾಸಾ ಓದು ಬಿಟ್ಟು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ತಂಗಿಯನ್ನು ಸಾಕಿದಳು. ಸಾಕಿದವಳ ಬಾಯಿ ಜೋರು. ಟೀಚರೊಬ್ಬರು ಮನೆಗೆ ಬಂದು ಹುಡುಗಿಯನ್ನು ಚಿತ್ರಶಾಲೆಗೆ ಸೇರಿಸಿ ಎಂದಾಗ, "ಚಿತ್ರ ಹೊಟ್ಟೆ ತುಂಬಿಸುತ್ತಾ ಟೀಚರ್?" ಎಂದು ಕೇಳಿ ಕಾಫಿ ಕೊಟ್ಟು ಕಳಿಸಿದ್ದಳು. ಅಂದಿನಿಂದ ಇಂದಿನವರೆಗೂ ಓಫೆಲಿಯಾ ಮಾಡುವುದೆಲ್ಲ ಅವಳ ಬಾಯಲ್ಲಿ "ನಿನ್ನ ಮೊಟ್ಟೆ ಆಟ". ಅಕ್ಕ ಒಮ್ಮೆಯಾದರೂ ಅದನ್ನು ಕೆಲಸ ಎನ್ನಲಿ, ಆಟವಲ್ಲ, ಕೆಲಸ ಎನ್ನಲಿ ಎಂದು ಓಫೆಲಿಯಾ ಎಷ್ಟು ಈಸ್ಟರ್ ಕಾದಳೋ ಅವಳಿಗೇ ಗೊತ್ತು.

ಹೀಗಿರುವಾಗ ಒಂದು ಜೂನ್ ತಿಂಗಳಲ್ಲಿ ಹಿಮೆನಾ ಬಾಗಿಲು ಬಡಿದಳು. ಕೇರಿಯ ಕಲಾಮಂದಿರ ನಡೆಸುವ ಹುಡುಗಿ. ಮೂಗಿಗೆ ನತ್ತು, ಕಾಲಿಗೆ ಗಂಡಸರ ಬೂಟು, ಮಾತು ಮಾತ್ರ ಬೆಣ್ಣೆ; ಹಿರಿಯರಿಗೆಲ್ಲ ದೊನ್ಯಾ, ದೋನ್ ಎಂಬ ಮರ್ಯಾದೆ.

"ದೊನ್ಯಾ ಓಫೆಲಿಯಾ, ಸೆಪ್ಟೆಂಬರ್‌ನಲ್ಲಿ ನಮ್ಮವರ ಚಿತ್ರಪ್ರದರ್ಶನ ಇಟ್ಟಿದೀವಿ. ಮೆಕ್ಸಿಕೋದವರು, ಪೋರ್ಟೊ ರಿಕೋದವರು, ಗ್ವಾಟೆಮಾಲಾದವರು, ಎಲ್ಲ ನಮ್ಮ ಕಡೆ ಕಲಾವಿದರೇ. ನೀವೂ ಬರ್ಬೇಕು."

"ಬರ್ತೀನಿ ಮಗಳೇ. ತಮಾಲೆ ಎಷ್ಟು ಬೇಕು?"

"ಅಯ್ಯೋ, ಅಡುಗೆಗಲ್ಲ! ಕಲಾವಿದೆಯಾಗಿ ಬನ್ನಿ ಅಂತ."

ಓಫೆಲಿಯಾ ಹಿಂದೆ ತಿರುಗಿ ನೋಡಿದಳು, ಇನ್ನಾರಾದರೂ ನಿಂತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಹಿಮೆನಾ ಇನ್ನೂ ಒಂದು ಮಾತು ಹೇಳಿದಳು. ಪ್ರದರ್ಶನದಲ್ಲಿ ಒಂದು ಕೃತಿಯನ್ನು ಗ್ರಂಥಾಲಯದವರು ಆರಿಸಿ ತಮ್ಮ ಬಾಗಿಲಲ್ಲಿ ಗಾಜಿನ ಕಪಾಟಿನೊಳಗೆ ಇಡುತ್ತಾರೆ, ಶಾಶ್ವತವಾಗಿ. ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಓಫೆಲಿಯಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ರಾತ್ರಿಯ ಬೀನ್ಸ್‌ಗೆ ಅವಳು ಎರಡು ಸಲ ಉಪ್ಪು ಹಾಕಿದಳು.

ಬೀದಿಯ ಪ್ರತಿಯೊಬ್ಬರ ಮುಖವನ್ನೂ ಒಂದೊಂದು ಮೊಟ್ಟೆಯ ಮೇಲೆ ಬರೆಯುವುದೆಂದು ನಿಶ್ಚಯಿಸಿದಳು. ಬರೆಯಲು ಸಿಪ್ಪೆ ಬೇಕಲ್ಲ? ಬೇಸಿಗೆಯಲ್ಲಿ ಯಾರ ಕಿಟಕಿಯಲ್ಲಿದೆ ಸಿಪ್ಪೆ? ಬೀದಿಗೆ ಬೀದಿಯೇ ಮೊಟ್ಟೆ ತಿನ್ನಬೇಕಾಯಿತು. ಬೆಳಿಗ್ಗೆ ಟಾಕೋದಲ್ಲಿ ಮೊಟ್ಟೆ, ಮಧ್ಯಾಹ್ನ ಆಲೂಗಡ್ಡೆಯ ಜೊತೆ ಮೊಟ್ಟೆ, ಸಂಜೆ ಮೆಣಸಿನಕಾಯಿ ಸಾರಿನಲ್ಲಿ ಮೊಟ್ಟೆ. ಗಂಡ ಎಲಾದಿಯೋ ತಟ್ಟೆ ಮುಂದೆ ಕೈಮುಗಿದು ಕೂತ.

"ಲೇ, ಡಾಕ್ಟರು ನನಗೆ ಹಳದಿ ಮುಟ್ಟಬೇಡ ಅಂದಿದ್ದಾರೆ ಕಣೇ."

"ಹಳದಿ ಬಿಡಿ, ಬಿಳಿ ತಿನ್ನಿ. ಸಿಪ್ಪೆ ನನಗೆ."

"ಇನ್ನೊಂದು ವಾರ ಹೀಗೇ ಆದ್ರೆ ನಾನು ಕೊಕ್ಕೊಕ್ಕೋ ಅಂತೀನಿ ನೋಡು."

ಹಿಮೆನಾ ಹೇಳಿದ್ದು ಒಂದೇ ಒಂದು ಕಟ್ಟಳೆ. "ಒಳಗೆ ಏನೂ ತುಂಬಬೇಡಿ ದೊನ್ಯಾ. ಖಾಲಿ ಇರ್ಲಿ. ಇದು ನೋಡೋಕೆ, ಒಡೆಯೋಕಲ್ಲ." ಓಫೆಲಿಯಾ ಆಗಲಿ ಎಂದಳು. ನಿಜವಾಗಿಯೂ ಹಾಗೇ ಮಾಡುವ ಮನಸ್ಸಿತ್ತು. ಆದರೆ ಮುಖಗಳೆಲ್ಲ ಒಣಗಿ, ಬಾಯಿಗೆ ಕಾಗದ ಅಂಟಿಸಲು ಕೂತಾಗ ಕೈ ತಾನಾಗಿ ಕಾಗದದ ಚೂರಿನ ಡಬ್ಬಿಗೆ ಹೋಯಿತು. ಹೊಟ್ಟೆ ಖಾಲಿ ಬಿಟ್ಟು ಬಾಯಿ ಮುಚ್ಚುವುದೇ? ಮನೆಗೆ ಬಂದವರನ್ನು ಉಪವಾಸ ಕಳಿಸಿದ ಹಾಗೆ! ಒಂದಕ್ಕೆ ತುಂಬಿದಳು. ಒಂದಕ್ಕೆ ತುಂಬಿ ಇನ್ನೊಂದಕ್ಕೆ ಬಿಟ್ಟರೆ ಪಕ್ಷಪಾತವಾಗುತ್ತದೆಂದು ಎಲ್ಲಕ್ಕೂ ತುಂಬಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಸುಳ್ಳಲ್ಲ. ಯಾರು ಇಣುಕಿ ನೋಡುತ್ತಾರೆ ಎಂದುಕೊಂಡು ಸುಮ್ಮನಾದಳು.

ಪ್ರದರ್ಶನ ಶುರುವಾದ ಶನಿವಾರ ಮಧ್ಯಾಹ್ನ ಕಲಾಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಕಾರಿನ ಚಕ್ರದ ಮುಚ್ಚಳಗಳನ್ನು ಬೆಸೆದು ಕನ್ಯಾಮೇರಿಯನ್ನು ನಿಲ್ಲಿಸಿದ್ದ. ಪೋರ್ಟೊ ರಿಕೋದ ವಿಲ್‌ಫ್ರೆದೋ ತೆಂಗಿನಕಾಯಿ ಚಿಪ್ಪಿನಿಂದ ಕೊಂಬಿನ ಮುಖವಾಡ ಮಾಡಿದ್ದ. ಗ್ವಾಟೆಮಾಲಾದ ಹೆಂಗಸೊಬ್ಬಳು ನೇಯ್ದ ಬಟ್ಟೆ ಗೋಡೆ ತುಂಬ ಹಬ್ಬಿತ್ತು. ನಡುವೆ, ನಮ್ಮ ಬೀದಿ. ಮನೆಗೊಂದು ಪುಟ್ಟ ಗೂಡು, ಗೂಡಿನೊಳಗೆ ಆ ಮನೆಯವರೆಲ್ಲ ಮೊಟ್ಟೆಗಳಾಗಿ ಕೂತಿದ್ದರು. ಬೀದಿಯವರು ಇಸ್ತ್ರಿ ಬಟ್ಟೆ ತೊಟ್ಟು, ಸೆಂಟು ಹಾಕಿಕೊಂಡು ತಮ್ಮನ್ನು ತಾವೇ ನೋಡಲು ಮುಗಿಬಿದ್ದರು.

"ನನ್ನ ಮೂಗು ಇಷ್ಟು ದಪ್ಪ ಇದ್ಯೇನ್ರೀ?" ಎಂದಳು ಪಕ್ಕದ ಮನೆಯ ಚೆಲೋ.

"ಮೊಟ್ಟೆ ಸಣ್ಣದಾಯ್ತು, ಇಲ್ದಿದ್ರೆ ಪೂರ್ತಿ ಬರೀತಿದ್ಲು," ಎಂದರು ದೋನ್ ಎಫ್ರೇನ್. ಬೀದಿಯ ಕ್ಷೌರದಂಗಡಿ ಅವರದು. ಅವರಿಗೂ ಚೆಲೋಗೂ ಬೇಲಿಯ ಮೇಲೆ ಬಾಗಿದ ಒಂದು ಪೀಕನ್ ಮರದ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾಗಿದ್ದವು. ಮಾತು ಬಿಟ್ಟಿದ್ದರು, ಕುಟುಕುವುದನ್ನು ಬಿಟ್ಟಿರಲಿಲ್ಲ.

ಆಗ ಟೊಮಾಸಾ ಬಂದಳು. ನೀಲಿ ಉಡುಪು, ಸಲೂನಿನಲ್ಲಿ ಕಟ್ಟಿಸಿ ಸ್ಪ್ರೇ ಹೊಡೆಸಿದ ಕೂದಲು, ಕಂಕುಳಲ್ಲಿ ಪರ್ಸು. ಜನ ತಾವಾಗಿಯೇ ದಾರಿ ಬಿಟ್ಟರು. ತಂಗಿ ಬರೆದ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅವಳು ಒಂದೊಂದೇ ಗೂಡಿನ ಮುಂದೆ ನಿಂತು ನೋಡಿದಳು. ತನ್ನ ಮುಖದ ಮುಂದೆ ಬಹಳ ಹೊತ್ತು ನಿಂತಳು. ಓಫೆಲಿಯಾ ಕಂಬದ ಹಿಂದಿನಿಂದ ಇಣುಕಿದಳು. ಟೊಮಾಸಾ ತಂಗಿಯ ಕಡೆ ತಿರುಗಿದಳು. ಬಾಯಿ ತೆರೆದಳು.

ಅಷ್ಟರಲ್ಲೇ, ಹಾಳಾಗ, ದೋನ್ ಎಫ್ರೇನ್ ತಮ್ಮ ಮೊಟ್ಟೆಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

ಸರಸರ.

ನಮ್ಮ ಕೇರಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸದ್ದು ಅದು. ಎಲ್ಲರ ತಲೆಯೂ ಆ ಕಡೆ ತಿರುಗಿತು. ದೋನ್ ಎಫ್ರೇನ್ ಅವರ ಮುಖದಲ್ಲಿ ನಗು ಈ ಕಿವಿಯಿಂದ ಆ ಕಿವಿಯವರೆಗೆ ಹರಡಿತು.

"ತುಂಬಿದೆ ಕಣ್ರೋ!" ಎಂದು ಕೂಗಿದವರೇ ತಮ್ಮ ಮುಖವನ್ನು ತಾವೇ ಚೆಲೋಳ ನೆತ್ತಿಯ ಮೇಲೆ ಪಟ್ಟೆಂದು ಒಡೆದರು.

"ನಿಮ್ಮ ಮನೆ ಕಾಯ!" ಎಂದು ಚೆಲೋ ಕಿರುಚಿದಳು. ಹಸಿರು, ಗುಲಾಬಿ ಚೂರುಗಳು ಅವಳ ಮೂಗಿನ ಮೇಲೆ ಇಳಿದವು. ಅವಳು ತನ್ನ ಗೂಡಿಗೆ ಕೈ ಹಾಕಿ, ತನ್ನನ್ನೇ ಎತ್ತಿಕೊಂಡು ಅವರನ್ನು ಅಟ್ಟಿಸಿಕೊಂಡು ಹೋದಳು. ಆಮೇಲೆ ಕೇಳಬೇಕೆ? ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಅತ್ತೆ ಸೊಸೆಯ ಮೇಲೆ, ಸೊಸೆ ಪಾದ್ರಿಯ ಮೇಲೆ, ಪಾದ್ರಿ ಟೈರ್ ಅಂಗಡಿಯವನ ಮೇಲೆ. ಎಲಾದಿಯೋ, "ನಿಮ್ಮಿಂದ ನಾನು ತಿಂದ ಮೊಟ್ಟೆ ಎಷ್ಟ್ರೋ!" ಎನ್ನುತ್ತ ಸಿಕ್ಕಸಿಕ್ಕವರ ತಲೆಗೆ ಸೇಡು ತೀರಿಸಿಕೊಂಡ. ಈ ಪದ್ಧತಿಯೇ ತಿಳಿಯದ ವಿಲ್‌ಫ್ರೆದೋ ಹೊಡೆದಾಟ ಶುರುವಾಯಿತೆಂದು ಹೆದರಿ ಮುಖವಾಡಗಳಿಗೆ ಅಡ್ಡ ನಿಂತ. ಯಾರೋ ಮುದುಕಿ ಅವನ ಕೆನ್ನೆ ತಟ್ಟಿ, ತಲೆ ಬಗ್ಗಿಸಿ, ಅವನಿಗೂ ಒಂದನ್ನು ಒಡೆದಳು.

"ಬೇಡ! ಬೇಡಿ! ದಯವಿಟ್ಟು!" ಎಂದು ಹಿಮೆನಾ ಅತ್ತಿಂದಿತ್ತ ಓಡಿದಳು. ಕೊನೆಗೆ ಓಫೆಲಿಯಾಳ ಕೈ ಹಿಡಿದು, "ಖಾಲಿ ಇಡ್ತೀನಿ ಅಂದಿದ್ರಲ್ಲ ದೊನ್ಯಾ! ಗ್ರಂಥಾಲಯದವರು ಈಗ ಬರ್ತಾರೆ!" ಎಂದು ಅತ್ತೇಬಿಟ್ಟಳು.

ಓಫೆಲಿಯಾ ಕಾಲಡಿಯ ಸಿಪ್ಪೆಗಳನ್ನು ನೋಡಿದಳು. ಬೇಸಿಗೆಯ ದುಡಿಮೆ, ಗಾಜಿನ ಕಪಾಟು, ಅಕ್ಕನ ಬಾಯಿಂದ ಬರಬೇಕಿದ್ದ ಮಾತು, ಎಲ್ಲ ಕಣ್ಣೆದುರೇ ನುಚ್ಚುನೂರು.

"ಸಾಕು!"

ಊಟದ ಹಾಲಿನಲ್ಲಿ ಶಾಲೆಗೆ ಶಾಲೆಯನ್ನೇ ಕೂರಿಸಿದ ಗಂಟಲು ಅದು. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಒಬ್ಬೊಬ್ಬರೇ ತಲೆತಗ್ಗಿಸಿ ಬಂದು ಕೈಯಲ್ಲಿದ್ದ ಮೊಟ್ಟೆಗಳನ್ನು ಗೂಡಿಗೆ ಮರಳಿಸಿದರು. ದೋನ್ ಎಫ್ರೇನ್ ಅಂಗೈ ತುಂಬ ಸಿಪ್ಪೆ ಚೂರು ಹಿಡಿದುಕೊಂಡು, "ತಪ್ಪಾಯ್ತು ದೊನ್ಯಾ. ಗೋಂದು ಇದ್ರೆ ಅಂಟಿಸಿ ಕೊಡ್ತೀನಿ," ಎಂದರು.

ಹಿಮೆನಾ ಕಣ್ಣೊರೆಸಿಕೊಂಡು ಗೂಡುಗಳನ್ನು ನೋಡಿದಳು. "ಅರ್ಧ ಬೀದಿ ಉಳಿದಿದೆ ದೊನ್ಯಾ. ಒತ್ತೊತ್ತಾಗಿ ಇಟ್ರೆ ಕಪಾಟಿಗೆ ಸಾಕು. ಇನ್ನೂ ಆಗುತ್ತೆ."

ಆಗುತ್ತದೆ. ಓಫೆಲಿಯಾ ಉಸಿರು ಬಿಟ್ಟು ಸುತ್ತ ನೋಡಿದಳು. ಜನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗೋಡೆಗೆ ಒರಗಿ, ಪಿಸುಗುಟ್ಟುತ್ತ ನಿಂತಿದ್ದರು. ಸಾವಿನ ಮನೆಗೆ ಬಂದವರ ಹಾಗೆ. ಯಾರೂ ನಗಲಿಲ್ಲ, ಯಾರೂ ಯಾರ ಮೂಗಿನ ಮಾತೂ ಎತ್ತಲಿಲ್ಲ. ಚೆಲೋ ಮತ್ತು ದೋನ್ ಎಫ್ರೇನ್ ಮತ್ತೆ ಒಬ್ಬರಿಗೊಬ್ಬರು ಬೆನ್ನು ಹಾಕಿದ್ದರು. ಇಷ್ಟು ವರ್ಷ ಬೇಡಿಕೊಂಡದ್ದು ಇದನ್ನೇ ಅಲ್ಲವೇ, ಯಾರೂ ಮುಟ್ಟದೆ ದೂರ ನಿಂತು ನೋಡಲಿ ಎಂದು? ಸಿಕ್ಕಿತಲ್ಲ.

ಎಲ್ಲರ ತಲೆಯ ಮೇಲೂ ಬಣ್ಣದ ಚೂರುಗಳಿದ್ದವು. ಟೊಮಾಸಾಳ ತಲೆಯ ಮೇಲೆ ಮಾತ್ರ ಇರಲಿಲ್ಲ. ಓಫೆಲಿಯಾ ಯೋಚಿಸಿದಳು. ಯಾವ ಈಸ್ಟರ್‌ನಲ್ಲಿ ಇತ್ತು? ಕೆಂಡದ ಮುಂದೆ ನಿಂತು ಮಾಂಸ ತಿರುವುತ್ತ, ಮಕ್ಕಳನ್ನು ಗದರುತ್ತ ಇರುತ್ತಿದ್ದ ಅಕ್ಕನ ಹಿಂದೆ ಕಳ್ಳಹೆಜ್ಜೆ ಇಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ತನಗೂ ಬಂದಿರಲಿಲ್ಲ. ತಾಯಿಯಾಗಿ ಸಾಕಿದವಳಿಗೆ ಒಂದು ಮೊಟ್ಟೆ ಒಡೆದಿಲ್ಲವಲ್ಲ ನಾನು, ಎಂಥ ಪಾಪಿ!

ಅವಳು ಗೂಡಿನಿಂದ ಅಕ್ಕನ ಮೊಟ್ಟೆಯನ್ನು ತೆಗೆದಳು.

"ಅದೊಂದು ಬೇಡ ದೊನ್ಯಾ," ಎಂದಳು ಹಿಮೆನಾ ಗಾಬರಿಯಿಂದ. "ಎಲ್ಲಕ್ಕಿಂತ ಚೆಂದದ್ದು ಅದೇ."

"ಅದಕ್ಕೇ ಕಣಮ್ಮ," ಎಂದು ಓಫೆಲಿಯಾ ನೇರ ಹೋಗಿ, ಸ್ಪ್ರೇ ಹೊಡೆದು ಗಟ್ಟಿಯಾಗಿದ್ದ ಆ ಕೂದಲಿನ ನಟ್ಟನಡುವೆ ಒಡೆದಳು.

ಎಲಾದಿಯೋ ಕಣ್ಣು ಮುಚ್ಚಿಕೊಂಡ. ಟೊಮಾಸಾಳ ಹುಬ್ಬಿನ ಮೇಲಿಂದ, ಕಿವಿಯೋಲೆಯ ಮೇಲಿಂದ ಕೆಂಪು ಹಳದಿ ಚೂರುಗಳು ಉದುರಿದವು. ಅವಳು ಅಲ್ಲಾಡಲಿಲ್ಲ.

"ಇಷ್ಟು ವರ್ಷ ಬೇಕಾಯ್ತೇನೇ ಮುಂಡೇದೇ ನಿನಗೆ?" ಎಂದಳು. ಎಂದವಳೇ ಬಿದ್ದುಬಿದ್ದು ನಕ್ಕಳು, ನಗುತ್ತ ಅತ್ತಳು, ಪರ್ಸನ್ನು ಪಾದ್ರಿಯ ಕೈಗೆ ತುರುಕಿ ಎರಡು ಕೈಗೂ ಮೊಟ್ಟೆ ತೆಗೆದುಕೊಂಡಳು. ಒಂದು ತಂಗಿಗೆ, ಇನ್ನೊಂದು ಹಿಮೆನಾಗೆ. ಮೂಗು ಸೊರಸೊರ ಎನ್ನುತ್ತಿದ್ದ ಹಿಮೆನಾ ತಲೆ ತುಂಬ ನೀಲಿ ಚೂರು ಹೊತ್ತು, "ಕೆಲಸ ಹೋದ್ರೂ ಹೋಗ್ಲಿ!" ಎಂದು ತಾನೂ ಒಂದನ್ನು ಎತ್ತಿದಳು. ಮತ್ತೆ ಗಲಾಟೆ, ಮತ್ತೆ ಕೇಕೆ. ಬೀದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಗ್ರಂಥಾಲಯದ ಹೆಂಗಸು ಬಂದಾಗ ಗೂಡುಗಳೆಲ್ಲ ಖಾಲಿ. ಅವಳು ನೆಲ ನೋಡಿದಳು, ಜನರ ಕೂದಲು ನೋಡಿದಳು, ನಿಜಕ್ಕೂ ಬಹಳ ಬೇಸರ ಮಾಡಿಕೊಂಡಳು. ಚಕ್ರದ ಮುಚ್ಚಳದ ಕನ್ಯಾಮೇರಿಯನ್ನು ಆರಿಸಿಕೊಂಡು ಹೋದಳು. ಆರಿಸಿದ್ದು ಸರಿಯೇ, ಅದೂ ಚೆನ್ನಾಗಿಯೇ ಇತ್ತು. ಓಫೆಲಿಯಾಗೆ ಒಂದು ಚಣ ಸಂಕಟವಾಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಹೊತ್ತಿಗೆ ಚೆಲೋ ಮತ್ತು ದೋನ್ ಎಫ್ರೇನ್ ಒಂದೇ ಪೊರಕೆಗಾಗಿ ಜಗಳವಾಡುತ್ತಿದ್ದರು, ಅದನ್ನು ಬಿಡಿಸಬೇಕಿತ್ತು.

ಮರುದಿನ ಭಾನುವಾರದ ಪೂಜೆಗೆ ಟೊಮಾಸಾ ಎಂದಿನಂತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೂದಲು ತೊಳೆದಿರಲಿಲ್ಲ, ಬಾಚಿರಲೂ ಇಲ್ಲ. ನೆತ್ತಿಯ ತುಂಬ ಕೆಂಪು ಹಳದಿ ಚೂರುಗಳು ಹಾಗೇ ಇದ್ದವು. ಕಾಣಿಕೆ ಬುಟ್ಟಿ ಹಿಡಿದು ಬಂದ ಮುದುಕ, ಪಾಪ, ಉಪಕಾರ ಮಾಡಲು ಹೋಗಿ ಒಂದು ಚೂರನ್ನು ಕೀಳಲು ಕೈ ಚಾಚಿದ. ಟೊಮಾಸಾ ಆ ಕೈಗೆ ಫಟ್ಟೆಂದು ಒಂದು ಏಟು ಹಾಕಿದಳು.

"ಬಿಡ್ರೀ ಅದನ್ನ," ಎಂದಳು, ಇಡೀ ಚರ್ಚಿಗೆ ಕೇಳುವ ಹಾಗೆ. "ನನ್ನ ತಂಗಿ ಕೆಲಸ ಅದು."

ಹಿಂದಿನ ಸಾಲಿನಲ್ಲಿದ್ದ ಓಫೆಲಿಯಾ ಮಂಡಿಯೂರಿದವಳು, ಎಲ್ಲರೂ ಎದ್ದು ನಿಂತಾಗಲೂ ಏಳಲಿಲ್ಲ. ಎಲಾದಿಯೋ ಬಗ್ಗಿ, "ಏನಾಯ್ತೇ, ಕಾಲು ಹಿಡಿದುಕೊಳ್ತಾ?" ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿ, ಮುಖ ಮುಚ್ಚಿಕೊಂಡು, ಭುಜ ಕುಲುಕುವ ಹಾಗೆ ನಗುತ್ತಲೇ ಇದ್ದಳು.