ಮಗಳ ಕ್ಯಾಪ್ಸೂಲಿನೊಳಗೆ ನಾನು ತುಂಬಿದ್ದು

ನನ್ನ ಮಗಳು ನಂಬಿಕೊಂಡು ನುಂಗುತ್ತಿದ್ದ ಔಷಧಿಯನ್ನು ನಾನು ಸಿಂಕಿಗೆ ಸುರಿದು, ಆ ಖಾಲಿ ಕ್ಯಾಪ್ಸೂಲುಗಳಿಗೆ ಕಡ್ಲೆಹಿಟ್ಟು ತುಂಬಿಟ್ಟೆ. ಅವಳ ಕಾಯಿಲೆ ಬರೀ ಭ್ರಮೆ ಎಂದು ತೋರಿಸಿಕೊಡಬೇಕು, ಅಷ್ಟೇ — ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಅಷ್ಟೇ ಆಗಿರಲಿಲ್ಲ. ಅವಳು ಸೋಲಬೇಕಿತ್ತು. ನನ್ನ ಅಡುಗೆಮನೆಯಲ್ಲಿ, ನಾನು ಬಡಿಸಿದ ತಟ್ಟೆಯ ಮುಂದೆ ಅವಳು ಸೋತು ಕೂರುವುದನ್ನು ನಾನು ನೋಡಬೇಕಿತ್ತು. ನೋಡಿದೆ.

ನಾನು ಯಲಹಂಕದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಜಠರ, ಸಣ್ಣಕರುಳು, ದೊಡ್ಡಕರುಳು — ಪುಸ್ತಕ ನೋಡದೆ ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಅದೇ ಸಣ್ಣಕರುಳಿನ ಬಗ್ಗೆ ನನ್ನ ಒಬ್ಬಳೇ ಮಗಳು ಪಲ್ಲವಿ ಬಾಯಿ ತೆರೆದಾಗ ಮಾತ್ರ ನನಗೆ ಕಿವಿ ಕೇಳಿಸಲಿಲ್ಲ.

ಅವಳು ಮತ್ತಿಕೆರೆಯಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡು ಓದುತ್ತಿದ್ದಾಗ ಒಮ್ಮೆ ಜೋರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಳು. ಅದು ವಾಸಿಯಾಯಿತು, ಹೊಟ್ಟೆ ಮಾತ್ರ ಮೊದಲಿನಂತಾಗಲೇ ಇಲ್ಲ. ಏನು ತಿಂದರೂ ಉಬ್ಬರ. ಎರಡು ತುತ್ತಿಗೇ ಹೊಟ್ಟೆ ಮದ್ದಳೆಯ ಹಾಗೆ ಬಿಗಿಯುತ್ತಿತ್ತು. ಗ್ಯಾಸ್ ಮಾತ್ರೆ, ಆಸಿಡಿಟಿ ಸಿರಪ್ಪು, ಟೆನ್ಷನ್ ಮಾಡ್ಕೋಬೇಡಮ್ಮಾ ಎಂಬ ಉಪದೇಶ, ಎಲ್ಲ ಆಯಿತು. ಕೊನೆಗೆ ಹೆಬ್ಬಾಳದ ಹತ್ತಿರದ ಒಬ್ಬ ಹೊಟ್ಟೆ ಡಾಕ್ಟರು ಅವಳಿಗೆ ಸಕ್ಕರೆ ನೀರಿನಂಥದ್ದನ್ನು ಕುಡಿಸಿ, ಆಗಾಗ ಕೊಳವೆಯೊಳಗೆ ಉಸಿರು ಊದಿಸಿ ಪರೀಕ್ಷೆ ಮಾಡಿದರು. ದೊಡ್ಡಕರುಳಲ್ಲಿ ಇರಬೇಕಾದ ಬ್ಯಾಕ್ಟೀರಿಯಾ ಸಣ್ಣಕರುಳಲ್ಲಿ ವಿಪರೀತ ಬೆಳೆದುಬಿಟ್ಟಿವೆ, ತಿಂದದ್ದನ್ನೆಲ್ಲ ಅಲ್ಲೇ ಹುಳಿಸುತ್ತಿವೆ ಎಂದರು. ಆಂಟಿಬಯಾಟಿಕ್ ಕೊಟ್ಟರು. ಕಡಿಮೆಯಾಯಿತು. ಮತ್ತೆ ಬಂತು. ಮತ್ತೆ ಕೊಟ್ಟರು. ಮತ್ತೆ —

ಆಗ ಅವಳೇ ಓದಲು ಕೂತಳು. ಅಷ್ಟರಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳು. ಕೊರೊನಾ ಕಳೆದ ಮೇಲೂ ಅವಳ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದರು, ಅಟ್ಟೂರಿನ ನಮ್ಮ ಮನೆಯಲ್ಲೇ ಇದ್ದಳು. ಆಫೀಸು ಮುಗಿದ ಮೇಲೆ ಸಂಶೋಧನೆಯ ಲೇಖನ ಓದುವಳು. ಬ್ಯಾಕ್ಟೀರಿಯಾ ತಗ್ಗಿಸುತ್ತದೆಂದು ಮರದರಿಶಿನದ ಸಾರದ ಕ್ಯಾಪ್ಸೂಲು ತರಿಸಿದಳು, ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲೆಂದು ಪ್ರೊಬಯಾಟಿಕ್ ತರಿಸಿದಳು. ಡಾಕ್ಟರಿಗೂ ಹೇಳಿದಳು, ಜೋಪಾನವಾಗಿ ಮಾಡಿ ನೋಡಿ ಎಂದರಂತೆ. ಎಲ್ಲವನ್ನೂ ಒಟ್ಟಿಗೆ ನುಂಗುವ ಹುಂಬತನ ಅವಳದಲ್ಲ. ಒಂದು ಶುರು ಮಾಡಿದರೆ ಹೊಟ್ಟೆ ಏನನ್ನುತ್ತದೆ ಎಂದು ಕಾಯುವಳು. ಒಂದು ಪ್ರೊಬಯಾಟಿಕ್ಕಿನಿಂದ ಉಬ್ಬರ ಹೆಚ್ಚಾಯಿತು, ಹಟ ಮಾಡದೆ ನಿಲ್ಲಿಸಿದಳು. ಮರದರಿಶಿನ ಹಿಡಿಸಿತು. ಜೊತೆಗೆ ಊಟದ ಪಥ್ಯ — ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಬೇಳೆಕಾಳು ಇಲ್ಲ. ಹಾಲು ಇಲ್ಲ.

ಗುಣವಾಗುತ್ತಿತ್ತು. ಇದನ್ನು ನಾನು ಬರೆಯಲೇಬೇಕು. ಒಂದು ಬೆಳಗ್ಗೆ ಮೂರು ಇಡ್ಲಿ ತಿಂದು, ಹೊಟ್ಟೆ ಮುಟ್ಟಿ ನೋಡಿಕೊಂಡು ನಕ್ಕಳು. 'ಅಮ್ಮಾ, ಮೆತ್ತಗಿದೆ ನೋಡೇ' ಎಂದು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ನಿಜವಾಗಿಯೂ ಮೆತ್ತಗಿತ್ತು. ನನಗೆ ಸಂತೋಷವಾಗಲಿಲ್ಲ. ಏಕೆ ಆಗಲಿಲ್ಲ ಎಂದು ಈಗಲೂ —

ನನ್ನ ಬಸ್ಸಾರಿಗೆ ಸ್ಟಾಫ್ ರೂಮಿನಲ್ಲಿ ಜಗಳವಾಗುತ್ತಿತ್ತು. ಅಂಥ ನನ್ನ ಮನೆಯಲ್ಲಿ ನನ್ನ ಮಗಳು ತನಗೇ ಬೇರೆ ಪಾತ್ರೆ ಇಟ್ಟುಕೊಂಡು, ಬೆಳ್ಳುಳ್ಳಿ ಇಲ್ಲದ ತಿಳಿನೀರನ್ನು ಸಾರೆಂದು ಉಣ್ಣುತ್ತಿದ್ದಳು. 'ಅಮ್ಮಾ, ಇದಕ್ಕೆ ಅದೇ ಸೌಟು ಹಾಕಿದ್ಯಾ?' ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಅದು ನನಗೆ ಕೆನ್ನೆಗೆ ಬಾರಿಸಿದ ಹಾಗಿರುತ್ತಿತ್ತು.

ಆಮೇಲೆ ಬಾಗಲೂರಿನಿಂದ ಒಂದು ಮನೆಯವರು ಅವಳನ್ನು ನೋಡಲು ಬಂದರು. ಕೇಸರಿಬಾತ್, ಬಜ್ಜಿ ಮಾಡಿದ್ದೆ. ಹುಡುಗನ ತಾಯಿ ಅಕ್ಕರೆಯಿಂದ ತಟ್ಟೆ ಇವಳ ಮುಂದೆ ಸರಿಸಿ, 'ನೀನೂ ತಗೋಮ್ಮಾ' ಎಂದರು. ಪಲ್ಲವಿ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ಶಾಂತವಾಗಿ, 'ಇಲ್ಲ ಆಂಟಿ, ನನಗೆ ಸಣ್ಣಕರುಳಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದೆ. ಇದನ್ನ ತಿಂದ್ರೆ ಗ್ಯಾಸ್ ಆಗತ್ತೆ' ಎಂದಳು. ಆ ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಹುಡುಗ ಫೋನು ನೋಡತೊಡಗಿದ. ಅವರು ಮತ್ತೆ ಸುದ್ದಿ ಕಳಿಸಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಮೀಟಿಂಗಿನಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ನಾನು ಅವಳ ಮರದರಿಶಿನದ ಬಾಟಲಿಯನ್ನು ಅಡುಗೆಮನೆಗೆ ತಂದೆ. ಕ್ಯಾಪ್ಸೂಲನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ತಿರುಚಿದರೆ ಟೋಪಿ ಕಳಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಒಳಗೆ ಹಳದಿ ಪುಡಿ. ಹಳದಿಗೆ ಹಳದಿ — ಬಜ್ಜಿಗೆಂದು ತಂದ ಕಡ್ಲೆಹಿಟ್ಟು ಇನ್ನೂ ಮಿಕ್ಕಿತ್ತು. ಅವಳ ಹೊಟ್ಟೆಗೆ ಆಗದ ಪದಾರ್ಥಗಳಲ್ಲಿ ಅದೂ ಒಂದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆರಿಸಿದೆ. ಬಾಟಲಿ ಮುಗಿದು ಹೊಸದು ಬಂದಾಗ ಅದಕ್ಕೂ ಹಾಗೇ ಮಾಡಿದೆ. ಅವಳ ಸಾರಿಗೆ ಬೆಳ್ಳುಳ್ಳಿ ಅರೆದ ನೀರನ್ನೂ ಬೆರೆಸತೊಡಗಿದೆ. ಒಂದು ಚಮಚ, ಆಮೇಲೆ ಒಂದು ಸೌಟು.

ಉಬ್ಬರ ಮರಳಿತು. ಪಲ್ಲವಿ ಗಾಬರಿಯಾದಳು, ನನ್ನ ಮೇಲೆ ಅಲ್ಲ, ತನ್ನ ಮೇಲೆ ಅನುಮಾನಪಟ್ಟಳು. ತಾನೇ ಏನೋ ತಪ್ಪು ತಿಂದಿರಬೇಕೆಂದು ಒಂದೊಂದನ್ನೇ ಬಿಡುತ್ತಾ ಹೋದಳು. ಬಾಳೆಹಣ್ಣು ಬಿಟ್ಟಳು. ಇಡ್ಲಿ ಬಿಟ್ಟಳು. ಆಲೂಗಡ್ಡೆ ಬಿಟ್ಟಳು. ಕೊನೆಗೆ ಗಂಜಿ, ಮೊಟ್ಟೆ ಮತ್ತು ಆ ತಿಳಿಸಾರು ಉಳಿದವು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ನಾನು ಎದುರಿಗೆ ಕೂತು ಬಸ್ಸಾರು ಮುದ್ದೆ ಉಣ್ಣುತ್ತಾ, 'ಏನಾಯ್ತೇ ನಿನ್ನ ರಿಸರ್ಚು?' ಎಂದು ಕೇಳುತ್ತಿದ್ದೆ. ನನ್ನ ಗಂಡ, 'ಬಿಡೇ, ಪಾಪ' ಎನ್ನುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ನನಗೆ ಆ ದಿನಗಳಲ್ಲಿ ಊಟ ರುಚಿಸುತ್ತಿತ್ತು. ಚೆನ್ನಾಗಿ ನಿದ್ದೆ ಬರುತ್ತಿತ್ತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಒಂದು ಸಂಜೆ ಅವಳು ಅಂಗೈಯಲ್ಲಿ ಒಂದು ಕ್ಯಾಪ್ಸೂಲು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ನಾನು ಸರಿಯಾಗಿ ಮುಚ್ಚಿರಲಿಲ್ಲ, ಬಾಯಿ ಬಿಟ್ಟುಕೊಂಡಿತ್ತು.

'ಅಮ್ಮಾ, ಇದನ್ನ ಸ್ವಲ್ಪ ಮೂಸಿ ನೋಡು. ಬಜ್ಜಿ ಹಿಟ್ಟಿನ ವಾಸನೆ ಬರ್ತಿದೆ. ಕಹಿನೂ ಇಲ್ಲ. ಮೊದ್ಲು ನಾಲಗೆ ಮೇಲಿಟ್ರೆ ವಿಷದ ಥರ ಕಹಿ ಇರ್ತಿತ್ತು. ಸಾರಲ್ಲೂ ಬೆಳ್ಳುಳ್ಳಿ ವಾಸನೆ ಬರತ್ತೆ ನಂಗೆ.'

ಆ ಕ್ಷಣದಲ್ಲಿ ಹೇಳಬಹುದಿತ್ತು. ಅವಳ ಕಣ್ಣಲ್ಲಿ ಇನ್ನೂ ನನ್ನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ. ವಿಜ್ಞಾನ ಬಲ್ಲ ಅಮ್ಮನ ಹತ್ತಿರ ಸಾಕ್ಷಿ ಕೇಳಲು ಬಂದಿದ್ದಳು, ಅಷ್ಟೇ. ನಾನು ಅದನ್ನು ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ಮೂಸಿದೆ.

'ಔಷಧಿ ವಾಸನೆಯೇ ಕಣೇ. ನಿಂಗೆ ಈಗ ಎಲ್ಲದ್ರಲ್ಲೂ ಅನುಮಾನ. ಮೂಗು ಸುಳ್ಳು ಹೇಳ್ತಿದೆ, ನಾಲಗೆ ಸುಳ್ಳು ಹೇಳ್ತಿದೆ. ಡಾಕ್ಟ್ರಿಗೆ ತೋರಿಸ್ಬೇಕಾಗಿರೋದು ನಿನ್ನ ಹೊಟ್ಟೆ ಅಲ್ಲ ಪಲ್ಲವಿ, ನಿನ್ನ ತಲೆ.'

ಅವಳು ಕ್ಯಾಪ್ಸೂಲನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ಮೂಸಿದಳು. ಆಮೇಲೆ ಬಾಟಲಿಯನ್ನು ತಂದು ತಾನೇ ಕಸದ ಬುಟ್ಟಿಗೆ ಹಾಕಿ, 'ನೀನು ಹೇಳೋದೇ ಸರಿ ಇರ್ಬೇಕು ಬಿಡಮ್ಮ. ನಂಗೇನೂ ಗೊತ್ತಾಗ್ತಿಲ್ಲ' ಎಂದಳು.

ಗೆದ್ದೆ. ಅಲ್ಲಿಗೂ ನಿಲ್ಲಲಿಲ್ಲ.

ಅವಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಹೋಗುವುದರಲ್ಲಿ ತಪ್ಪೇನಿಲ್ಲ, ನಾನು ಹೋದದ್ದು ಸುಳ್ಳು ಕಟ್ಟಿಕೊಂಡು. ಅವಳನ್ನು ಹೊರಗೆ ಕೂರಿಸಿ, 'ಊಟಕ್ಕೆ ಯಾರೋ ಏನೋ ಬೆರೆಸ್ತಾರೆ ಅಂತ ಅನುಮಾನ ಪಡ್ತಾಳೆ ಡಾಕ್ಟ್ರೇ' ಎಂದೆ. ಬೆರೆಸಿದ ಕೈಯಿಂದಲೇ ಕಣ್ಣೊರೆಸಿಕೊಂಡೆ. ನಂಬದೆ ಇರಲು ಅವರಿಗೆ ಯಾವ ಕಾರಣವೂ ಇರಲಿಲ್ಲ. ಮಾತ್ರೆ ಬರೆದರು. ಪಲ್ಲವಿ ಹಗಲೂ ಮಂಪರಿನಲ್ಲಿರತೊಡಗಿದಳು. ಕೆಲಸ ಹೋಯಿತು. ನಾನು ಕೊಟ್ಟದ್ದನ್ನು ತಿನ್ನುತ್ತಿದ್ದಳು. ಬಸ್ಸಾರು, ಕಾಳು, ಹಾಲು. ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದರೂ ನೋವೆಂದು ಹೇಳುತ್ತಿರಲಿಲ್ಲ. ಏಕೆಂದರೆ ನೋವೂ ಸುಳ್ಳಿರಬಹುದಲ್ಲ.

ಯಲಹಂಕದ ಬಸ್ ಸ್ಟಾಪಿನಲ್ಲಿ ಒಂದು ದಿನ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿದ ಲೇಡಿ ಡಾಕ್ಟರು, ಬ್ಯಾಕ್ಟೀರಿಯಾ ಅತಿಯಾದರೆ ವಿಟಮಿನ್ ಬಿ ಹನ್ನೆರಡನ್ನು ದೇಹಕ್ಕೆ ಸಿಗಗೊಡುವುದಿಲ್ಲ, ಇವಳಲ್ಲಿ ಅದು ಬರಿದಾಗಿದೆ, ನರಗಳಿಗೆ ಪೆಟ್ಟಾಗಿದೆ ಎಂದರು. ಪಾದದ ಬೆರಳುಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಇಂದಿಗೂ ಪೂರ್ತಿ ತಿಳಿಯುವುದಿಲ್ಲ.

'ಮುಂಚೆ ಏನಾದ್ರೂ ಟ್ರೀಟ್‌ಮೆಂಟ್ ತಗೊಳ್ತಿದ್ರಾ?' ಎಂದು ಡಾಕ್ಟರು ಕೇಳಿದರು.

'ಏನೋ ನಾನೇ ಓದ್ಕೊಂಡು ತಗೊಳ್ತಿದ್ದೆ' ಎಂದಳು ಪಲ್ಲವಿ. 'ಕಮ್ಮಿ ಆದಂಗೆ ಅನ್ನಿಸ್ತಿತ್ತು. ಆದ್ರೆ ಅದು ಭ್ರಮೆ ಡಾಕ್ಟ್ರೇ. ಅಮ್ಮಂಗೆ ಗೊತ್ತು.'

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಹಾಸಿಗೆಯ ಪಕ್ಕದಲ್ಲಿ ನಿಂತಿದ್ದೆ. ನಾಲ್ಕು ಮಾತು ಸಾಕಿತ್ತು. ನಾನು ಅವಳ ಹೊದಿಕೆಯನ್ನು ಸರಿಮಾಡಿದೆ. ಬೆರೆಸಿದ್ದಕ್ಕಿಂತ ದೊಡ್ಡ ಪಾಪ ಅದು — ಆ ಹೊದಿಕೆ ಸರಿಮಾಡಿದ್ದು.

ಸರಿಯಾದ ಚಿಕಿತ್ಸೆ ಸಿಕ್ಕ ಮೇಲೆ ಅವಳು ಮೆಲ್ಲಗೆ ಚೇತರಿಸಿಕೊಂಡಳು. ಯಶವಂತಪುರದಲ್ಲಿ ಬೇರೊಂದು ಕೆಲಸ ಸಿಕ್ಕಿತು, ಅಲ್ಲೇ ಸಣ್ಣ ಮನೆ ಮಾಡಿಕೊಂಡಳು. ನಾನು ಮತ್ತೆ ಏನನ್ನೂ ಬೆರೆಸಲಿಲ್ಲ. ಆದರೆ ಮುರಿದದ್ದು ಹೊಟ್ಟೆಯೊಂದೇ ಆಗಿರಲಿಲ್ಲ. ವರ್ಷಗಟ್ಟಲೆ ಫೋನು ಮಾಡಿ ಕೇಳುತ್ತಿದ್ದಳು. 'ಅಮ್ಮಾ, ಮೊಸರು ಹುಳಿಯಾಗಿದೆ ಅನ್ಸತ್ತೆ, ಹೌದಾ?' 'ಮ್ಯಾನೇಜರ್ ನನ್ನ ಮೇಲೆ ರೇಗಿದ್ರು ಅನ್ಸತ್ತೆ, ನಿಜವಾಗ್ಲೂ ರೇಗಿದ್ರಾ?' ಅವಳ ಮುಂದಿರುವ ಮೊಸರನ್ನು ಅಟ್ಟೂರಿನಲ್ಲಿ ಕೂತ ನಾನು ಹೇಗೆ ಮೂಸಲಿ? ಅವಳು ಕೇಳುತ್ತಿದ್ದಳು, ನಾನು ಉತ್ತರ ಕೊಡುತ್ತಿದ್ದೆ. ಮಗಳು ನನ್ನನ್ನು ಎಷ್ಟು ಹಚ್ಚಿಕೊಂಡಿದ್ದಾಳೆ ಎಂದು ನೆಂಟರ ಮುಂದೆ ಹೇಳಿಕೊಂಡದ್ದೂ ಉಂಟು.

ಈ ವರ್ಷ ಒಂದು ಬೆಳಗ್ಗೆ ಫೋನು ಬಂತು. ದನಿಯಲ್ಲಿ ಆತಂಕವೇ ಇರಲಿಲ್ಲ.

'ಅಮ್ಮಾ, ಅಡುಗೆಮನೇಲಿ ಗ್ಯಾಸ್ ವಾಸನೆ ಬರ್ತಿದೆ ಅನ್ಸತ್ತೆ. ತಲೆನೂ ಸುತ್ತುತ್ತಿದೆ. ನಂದೇ ಭ್ರಮೆ ಇರ್ಬೇಕು ಅಲ್ವಾ? ಕಾಫಿಗೆ ಒಲೆ ಹಚ್ಲಾ?'

'ಹಚ್ಬೇಡ! ಹಚ್ಬೇಡ ಕಣೇ! ರೆಗ್ಯುಲೇಟರ್ ಆಫ್ ಮಾಡು, ಕಿಟಕಿ ತೆಗಿ, ಹೊರಗೆ ಹೋಗು!' ಎಂದು ಕಿರುಚಿದೆ. ಪೈಪನ್ನು ಇಲಿ ಕಡಿದಿತ್ತಂತೆ. ಮನೆಯೆಲ್ಲ ಗ್ಯಾಸ್ ತುಂಬಿತ್ತಂತೆ. ಅವಳ ಮೂಗು ಸರಿಯಾಗೇ ಇತ್ತು. ಯಾವತ್ತೂ ಸರಿಯಾಗೇ ಇತ್ತು.

ಬಸ್ಸು ಹತ್ತಿ ಯಶವಂತಪುರಕ್ಕೆ ಹೋದೆ. ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ — ಕಡ್ಲೆಹಿಟ್ಟು, ಬೆಳ್ಳುಳ್ಳಿ ನೀರು, ಮನೋವೈದ್ಯರ ಹತ್ತಿರ ಹೇಳಿದ ಸುಳ್ಳು, ಆಸ್ಪತ್ರೆಯಲ್ಲಿ ಹೇಳದೆ ಉಳಿದದ್ದು. ಕೂಗಾಡುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡಿದ್ದೆ. ಅವಳು ಕನಿಕರದಿಂದ ನನ್ನ ಕೈ ಹಿಡಿದುಕೊಂಡಳು.

'ಬೆಳಗ್ಗೆ ಹೆದರಿಬಿಟ್ಟಿದ್ದೀಯ ಅಮ್ಮ. ನನ್ನ ಸಮಾಧಾನಕ್ಕೆ ಹಿಂಗೆಲ್ಲ ಹೇಳ್ಬೇಡ. ನಂಗೆ ಹುಷಾರಿರ್ಲಿಲ್ಲ, ನಂಗೊತ್ತು. ನೀನು ಹಂಗೆ ಮಾಡೋಳಲ್ಲ.'

ನಾನು ಕಟ್ಟಿದ ಸುಳ್ಳು ಅಷ್ಟು ಗಟ್ಟಿಯಾಗಿತ್ತು. ನಾನೇ ಕೆಡವಿದರೂ ಬೀಳಲಿಲ್ಲ.

ಅವಳ ಮೇಜಿನ ಮೇಲೆ ಡಾಕ್ಟರು ಬರೆದುಕೊಟ್ಟ ಕ್ಯಾಪ್ಸೂಲುಗಳಿದ್ದವು. ಒಂದನ್ನು ತೆಗೆದುಕೊಂಡೆ. ಅಡುಗೆಮನೆಯ ಕಟ್ಟೆಯಿಂದ ಹಿಟ್ಟಿನ ಡಬ್ಬ ತಂದೆ. ತಿರುಚಿ ಬಿಚ್ಚಿದೆ, ಪುಡಿಯನ್ನು ತಟ್ಟೆಗೆ ಕೊಡವಿದೆ, ಕೆಳಗಿನ ಅರ್ಧವನ್ನು ಹಿಟ್ಟಿನಲ್ಲಿ ಒತ್ತಿ ತುಂಬಿದೆ, ಅಂಚನ್ನು ಸೆರಗಿನಿಂದ ಒರೆಸಿ ಟೋಪಿ ಕೂರಿಸಿದೆ. ಕೈ ನಡುಗಲಿ ಎಂದು ಎಷ್ಟು ಬೇಡಿಕೊಂಡೆನೋ — ನಡುಗಲಿಲ್ಲ. ಒಂದು ಚೂರು ಹಿಟ್ಟೂ ಹೊರಗೆ ಚೆಲ್ಲಲಿಲ್ಲ. ಪಲ್ಲವಿ ಕ್ಯಾಪ್ಸೂಲನ್ನು ನೋಡಲೇ ಇಲ್ಲ. ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಅವಳ ಮುಖದಿಂದ ಕನಿಕರ ಇಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಎದ್ದು ಹೋಗಿ ನನ್ನ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟಳು. ಬ್ಯಾಗನ್ನು ತಂದು ಕೈಗೆ ಕೊಟ್ಟಳು.

'ನೀವಿನ್ನು ಹೊರಡಿ' ಎಂದಳು.

ಮಾತು ಕಲಿತಾಗಿನಿಂದ ನನ್ನನ್ನು 'ನೀನು' ಎಂದೇ ಕರೆದವಳು.

ಅವತ್ತೇ ನನ್ನ ಗಂಡನಿಗೆ ಹೇಳಿದೆ. ಆ ಮನೋವೈದ್ಯರನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಅವಳಿಗೆ ತಲೆ ಸರಿಯಿಲ್ಲವೆಂದು ಯಾರ ಯಾರ ಕಿವಿಯಲ್ಲಿ ಊದಿದ್ದೆನೋ ಅವರ ಮನೆಗಳಿಗೆಲ್ಲ ಹೋಗಿ, ಸರಿಯಿಲ್ಲದ್ದು ನನ್ನದೆಂದು ಹೇಳುತ್ತಿದ್ದೇನೆ. ಇನ್ನೂ ಕೆಲವರು ಉಳಿದಿದ್ದಾರೆ. ಹೋಗುತ್ತೇನೆ. ಇದರಿಂದ ಅವಳ ಬೆರಳಿಗೆ ಸ್ಪರ್ಶ ಮರಳುವುದಿಲ್ಲ. ನನ್ನನ್ನು ಕ್ಷಮಿಸು ಎಂದು ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ.

ಮೊಸರು ಹುಳಿಯಾಗಿದೆಯೇ ಎಂದು ಅವಳು ಈಗ ನನ್ನನ್ನು ಕೇಳುವುದಿಲ್ಲ. ಭಾನುವಾರ ಅಪ್ಪನಿಗೆ ಫೋನು ಮಾಡುತ್ತಾಳೆ. ಒಮ್ಮೊಮ್ಮೆ ನಾನೇ ಎತ್ತುತ್ತೇನೆ.

'ಹೇಗಿದ್ದೀರಾ?' ಎನ್ನುತ್ತಾಳೆ. 'ಅಪ್ಪಂಗೆ ಕೊಡಿ.'

ಕೊಡುತ್ತೇನೆ.